ಜಿಂಕೆ ಬೇಟೆಗೆ ಯಾವ ತೋಟಾ, ಯಾವ ಗುಂಡು? ಹೊರದೇಶದಲ್ಲಿರುವ ಮಲೆನಾಡಿಗರಿಗೆ ಒಂದು ಮಾರ್ಗದರ್ಶಿ

ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಸಕಲೇಶಪುರದ ಕಡೆಯ ತೋಟದ ಮನೆಗಳಿಂದ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಕೆಲಸಕ್ಕೆಂದು ಹೋದ ಹುಡುಗರು ಅಲ್ಲಿ ಎರಡು ಮೂರು ವರ್ಷ ನೆಲೆನಿಂತ ಮೇಲೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: ಇಲ್ಲಿ ಲೈಸೆನ್ಸ್ ಪಡೆದು ಜಿಂಕೆ ಬೇಟೆಗೆ ಹೋಗಬಹುದಂತೆ, ಯಾವ ರೈಫಲ್ ಕೊಳ್ಳಲಿ, ಅದಕ್ಕೆ ಯಾವ ತೋಟಾ ಹಾಕಲಿ? ಅವರಲ್ಲಿ ಹೆಚ್ಚಿನವರು ಕೋವಿಯನ್ನು ಕಾಣದವರಲ್ಲ. ಆಯುಧಪೂಜೆಯ ದಿನ ಕುಂಕುಮವಿಟ್ಟು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ಅಜ್ಜನ ಕಾಲದ ಜೋಡಿ ನಳಿಗೆಯ ಕೋವಿ ಅವರ ಮನೆಯಲ್ಲೇ ಇದೆ. ಆದರೆ ಚರೆ ಹಾರಿಸುವ ಆ ಹನ್ನೆರಡು ಬೋರಿನ ಕೋವಿಯಿಂದ ಕಲಿತದ್ದು ಒಂಟಿ ಗುಂಡನ್ನು ಇನ್ನೂರು ಗಜ ದೂರಕ್ಕೆ ಕಳಿಸುವ ರೈಫಲ್ಲಿಗೆ ಒದಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ, ಕ್ರಮವಾಗಿ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಈ ಲೇಖನ ನಮ್ಮ ಜಿಲ್ಲೆಗಳಲ್ಲಿ ಬಳಸುವುದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಬರ್ಕ ಯಾವುದನ್ನು ಹೊಡೆದರೂ ಅಪರಾಧವೇ. ಅದು ಮುತ್ತೋಡಿಯ ಕಾಡಿನೊಳಗಿರಲಿ, ನಿಮ್ಮದೇ ಗದ್ದೆಯ ಅಂಚಿನಲ್ಲಿರಲಿ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಕೋವಿಯನ್ನು ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಪ್ರಾಣಿಯನ್ನು ಕೊಲ್ಲಲು ಕೊಟ್ಟ ಅನುಮತಿಯಲ್ಲ. ಈ ವ್ಯತ್ಯಾಸ ತಿಳಿಯದೆ ಕೋರ್ಟು ಅಲೆದವರು ನಮ್ಮಲ್ಲಿ ಇದ್ದಾರೆ.

ಇನ್ನು ನಾಲ್ಕು ಪದಗಳು ಸ್ಪಷ್ಟವಾಗಿರಲಿ. ತೋಟಾ ಎಂದರೆ ಕಾರ್ಟ್ರಿಜ್, ಅಂದರೆ ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕೂತು ಮದ್ದಿಗೆ ಬೆಂಕಿ ಹೊತ್ತಿಸುವ ಕೇಪು, ಒಳಗಿನ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು ಇವು ನಾಲ್ಕೂ ಸೇರಿದ ಇಡೀ ವಸ್ತು. ಗುಂಡು ಎಂದರೆ ನಳಿಗೆಯಿಂದ ಹೊರಗೆ ಹಾರುವ ಭಾಗ ಮಾತ್ರ. ಗ್ರೇನ್ ಎಂಬುದು ಗುಂಡಿನ ತೂಕದ ಅಳತೆ. ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್, ಹಾಗಾಗಿ 150 ಗ್ರೇನಿನ ಗುಂಡು ಹತ್ತು ಗ್ರಾಮಿಗೆ ತುಸು ಕಡಿಮೆ. ಅಡಿ-ಪೌಂಡ್ ಎಂಬುದು ಗುಂಡು ಹೊತ್ತೊಯ್ಯುವ ಶಕ್ತಿಯ ಅಳತೆ. ಅಂಗಡಿಯಲ್ಲಿ ಕೊಳ್ಳುವ 20 ತೋಟಾಗಳ ಪೆಟ್ಟಿಗೆಯ ಮೇಲೆ ಈ ಅಂಕಿಗಳೆಲ್ಲ ಸಾಮಾನ್ಯವಾಗಿ ಅಚ್ಚಾಗಿರುತ್ತವೆ.

1. ನಿಮ್ಮ ಕಾಗದಪತ್ರ, ಅಲ್ಲಿಯ ಕಾನೂನು

ಅಮೆರಿಕದಲ್ಲಿರುವವರು ಮೊದಲು ತಮ್ಮ ವೀಸಾ ನೋಡಿಕೊಳ್ಳಬೇಕು. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದ ಮೇಲಿರುವವರು ಬಂದೂಕನ್ನಷ್ಟೇ ಅಲ್ಲ, ಒಂದು ತೋಟಾವನ್ನು ಇಟ್ಟುಕೊಳ್ಳುವುದನ್ನೂ ಅಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿಯಿದೆ. ಆದ್ದರಿಂದ ಪರವಾನಗಿ ಮೊದಲು, ಅಂಗಡಿ ಆಮೇಲೆ; ಆ ಪರವಾನಗಿಯ ಅವಧಿ ಮುಗಿಯಲೂ ಬಿಡಬಾರದು. ಟೆಕ್ಸಾಸಿನಂಥ ರಾಜ್ಯದಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆನಂತರ ಹುಟ್ಟಿದವರಿಗೆ ಬೇಟೆ ಶಿಕ್ಷಣದ ತರಗತಿ ಕಡ್ಡಾಯ. ಇದನ್ನು ಹೊರೆಯೆಂದು ತಿಳಿಯಬೇಡಿ. ನಮ್ಮಲ್ಲಿ ಯಾರೂ ಕೂರಿಸಿ ಹೇಳಿಕೊಡದ ಎಷ್ಟೋ ಸುರಕ್ಷತೆಯ ಪಾಠಗಳು ಅಲ್ಲಿ ಸಿಗುತ್ತವೆ.

ತೋಟಾದ ಕನಿಷ್ಠ ಅಳತೆಯನ್ನು ಕಾನೂನೇ ಗೊತ್ತುಮಾಡಿರುವ ಕಡೆಗಳಿವೆ. ಕೊಲರಾಡೋದಲ್ಲಿ ಜಿಂಕೆಗೆ ಕನಿಷ್ಠ .24 ಇಂಚು ವ್ಯಾಸದ, 70 ಗ್ರೇನ್ ತೂಕದ, ಅರಳುವ ಗುಂಡೇ ಆಗಬೇಕು, ನೂರು ಗಜದಲ್ಲಿ ಅದಕ್ಕೆ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚು ವ್ಯಾಸ ಮತ್ತು ನಳಿಗೆಯ ಬಾಯಲ್ಲಿ 1700 ಅಡಿ-ಪೌಂಡ್ ಶಕ್ತಿಯನ್ನು ಕೇಳುತ್ತದೆ. ನಮ್ಮ ಕಾಡುಕುರಿಯ ದಾಯಾದಿಯಾದ ಮಂಟ್‌ಜಾಕ್‌ಗೆ ಅದಕ್ಕಿಂತ ಚಿಕ್ಕ ಅಳತೆಯನ್ನು ಒಪ್ಪುತ್ತದೆ. ಒಹಾಯೋದಲ್ಲಿ ರೈಫಲ್ಲಿಗೆ ನೇರ ಗೋಡೆಯ ಕೊಳವೆಯುಳ್ಳ ತೋಟಾಗಳಿಗೆ ಮಾತ್ರ ಅವಕಾಶವಿರುವುದರಿಂದ, ಕೊರಳು ಸಣ್ಣಗಿರುವ .308 (ಇಂಥ ಹೆಸರಿನ ಅಂಕಿ ಇಂಚಿನಲ್ಲಿ ಗುಂಡಿನ ಸುಮಾರು ವ್ಯಾಸ) ಮುಂತಾದವು ಅಲ್ಲಿಯ ಜಿಂಕೆ ಬೇಟೆಗೆ ಬಾರವು. ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ನಿಷಿದ್ಧ. ಗೆಳೆಯ ಹೇಳಿದನೆಂದು ಟೆಕ್ಸಾಸಿನ ಸಲಹೆಯನ್ನು ಒಹಾಯೋದಲ್ಲಿ ಪಾಲಿಸುವುದು ನಾನು ಹೆಚ್ಚಾಗಿ ಕಂಡ ತಪ್ಪು. ಆ ವರ್ಷದ ನಿಯಮ ಪುಸ್ತಿಕೆಯನ್ನು ನೀವೇ ಓದಬೇಕು.

2. ಪ್ರಾಣಿ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿ ನಿಲ್ಲುತ್ತದೆ

ನಮ್ಮವರಿಗೆ ಇಲ್ಲಿ ಒಂದು ಅನುಕೂಲವಿದೆ. ಟೆಕ್ಸಾಸಿನಲ್ಲಿ ಆಕ್ಸಿಸ್ ಡಿಯರ್ ಎಂದು ಕರೆಯುವುದು ನಮ್ಮ ಚುಕ್ಕೆ ಜಿಂಕೆಯನ್ನೇ. ಅದನ್ನು ಅಲ್ಲಿಗೆ ತಂದು ಬಿಟ್ಟದ್ದು 1932ರಲ್ಲಿ. ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಅದು 1868ರಲ್ಲೇ ಹೋಗಿತ್ತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಬೆಟ್ಟಗಳಲ್ಲಿ ಸಾಂಬಾರ್ ಎಂದು ಬೇಟೆಯಾಡುವುದು ನಮ್ಮ ಕಡವೆಯನ್ನು. ಕೆಮ್ಮಣ್ಣುಗುಂಡಿಯ ಹಾದಿಯಲ್ಲೋ ಭದ್ರಾ ಹಿನ್ನೀರಿನ ಅಂಚಿನಲ್ಲೋ ಇವನ್ನು ಕಂಡವರಿಗೆ ಇವುಗಳ ಗಾತ್ರದ ಅಂದಾಜು ಕಣ್ಣಲ್ಲೇ ಇರುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ನಮ್ಮ ಚುಕ್ಕೆ ಜಿಂಕೆಯ ವರ್ಗಕ್ಕೆ ಸೇರಿದ್ದು, ಉತ್ತರದ ಚಳಿ ಸೀಮೆಯಲ್ಲಿ ಇನ್ನಷ್ಟು ತೂಗುತ್ತದೆ. ಎಲ್ಕ್ ಎಂಬುದು ಕಡವೆಯ ವರ್ಗಕ್ಕೆ ಅಥವಾ ಅದಕ್ಕಿಂತಲೂ ದೊಡ್ಡದಕ್ಕೆ. ಎರಡು ಕ್ವಿಂಟಾಲಿಗೂ ಮೀರುವ ಗಂಡು ಕಡವೆಗೂ ಎಪ್ಪತ್ತೆಂಬತ್ತು ಕಿಲೋದ ಚುಕ್ಕೆ ಜಿಂಕೆಗೂ ಒಂದೇ ಗುಂಡು ಸಾಕೆಂದು ತಿಳಿಯಬಾರದು. ವಿಕ್ಟೋರಿಯದ ನಿಯಮವೂ ಕಡವೆಗೆ ಹೆಚ್ಚಿನ ಕನಿಷ್ಠ ಅಳತೆಯನ್ನೇ ಇಟ್ಟಿದೆ.

ದೂರದ ವಿಷಯದಲ್ಲಿ ನಿಮ್ಮ ಬಗ್ಗೆ ನೀವೇ ಪ್ರಾಮಾಣಿಕರಾಗಿರಬೇಕು. ಕಾಫಿ ತೋಟದಂತೆ ಮರ ಕವಿದ ಜಾಗವಾದರೆ ನೂರು ಗಜದಾಚೆ ಏನೂ ಕಾಣುವುದಿಲ್ಲ. ಬಯಲು ಸೀಮೆಯಲ್ಲಿ ಮುನ್ನೂರು ಗಜದಲ್ಲಿ ಜಿಂಕೆ ನಿಂತಿರುವುದು ಕಂಡರೂ, ಹೊಸಬರು ಇನ್ನೂರನ್ನೇ ಗಡಿಯಾಗಿ ಇಟ್ಟುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

3. ತೋಟಾದ ಆಯ್ಕೆ

ಹೊಸಬರು ಇಲ್ಲಿ ಸಾಮಾನ್ಯವಾಗಿ ತೀರಾ ದೊಡ್ಡದನ್ನು ಆರಿಸುತ್ತಾರೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ತೋಟಾ ಹೆಗಲಿಗೆ ಕೊಡುವ ಒದೆತ ಎಷ್ಟೆಂದರೆ, ಮೂರನೆಯ ಈಡಿನ ಹೊತ್ತಿಗೆ ಮೈ ತಾನಾಗಿ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ಜಗ್ಗುತ್ತೇವೆ. ಪೆಟ್ಟು ಎದೆಗೂಡಿಗೆ ಬೀಳುವ ಬದಲು ಹೊಟ್ಟೆಗೆ ಬಿದ್ದರೆ, ಆ ಪ್ರಾಣಿ ಗಂಟೆಗಟ್ಟಲೆ ನರಳಿ, ಕೈಗೂ ಸಿಗದೆ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಚಿಕ್ಕ ತೋಟಾದಿಂದ ಸರಿಯಾದ ಜಾಗಕ್ಕೆ ಹೊಡೆದವನು ದೊಡ್ಡ ತೋಟಾದಿಂದ ತಪ್ಪು ಜಾಗಕ್ಕೆ ಹೊಡೆದವನಿಗಿಂತ ಸಾವಿರ ಪಾಲು ವಾಸಿ.

ಚುಕ್ಕೆ ಜಿಂಕೆ, ಬಿಳಿಬಾಲದ ಜಿಂಕೆಗಳ ಗಾತ್ರಕ್ಕೆ ಕೆಳಗಿನವುಗಳಲ್ಲಿ ಯಾವುದಾದರೂ ಸಾಕು.

.243 ವಿಂಚೆಸ್ಟರ್ 1955ರಲ್ಲಿ ಬಂದದ್ದು. ಇದರ 100 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2960 ಅಡಿ ವೇಗದಲ್ಲಿ ಹೊರಡುತ್ತದೆ, ಒದೆತ .30-06ರ ಅರ್ಧದಷ್ಟು. ಮೈಕಟ್ಟು ಸಣ್ಣಗಿರುವವರಿಗೆ, ಹೊಸದಾಗಿ ಕಲಿಯುವವರಿಗೆ ಒಳ್ಳೆಯದು. ಆದರೆ ಗುಂಡಿನ ಆಯ್ಕೆ ತಪ್ಪಿದರೆ ಇದು ಕ್ಷಮಿಸುವುದಿಲ್ಲ: ಇದೇ ಅಳತೆಯಲ್ಲಿ ನರಿಯಂಥ ಸಣ್ಣ ಪ್ರಾಣಿಗೆಂದು ಮಾಡಿದ 55, 58 ಗ್ರೇನಿನ ಹಗುರ ಗುಂಡುಗಳೂ ಅಂಗಡಿಯ ಅದೇ ಸಾಲಿನಲ್ಲಿ ಇರುತ್ತವೆ, ಅವು ಜಿಂಕೆಯ ಹೆಗಲ ಮೂಳೆಗೆ ಬಡಿದು ಅಲ್ಲೇ ಚೂರಾಗುತ್ತವೆ.

6.5 ಕ್ರೀಡ್‌ಮೋರ್ 2007ರದು. ಇದರ 140 ಗ್ರೇನಿನ ಗುಂಡು ಉದ್ದವಾಗಿ, ಸಣಕಲಾಗಿ ಇರುವುದರಿಂದ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಮಾಂಸದೊಳಗೂ ಆಳಕ್ಕೆ ಇಳಿಯುತ್ತದೆ, ಒದೆತವೂ ಮೃದು. ಹೊಸ ರೈಫಲ್ ಕೊಳ್ಳುವವರು ಇದನ್ನು ಆರಿಸಿದರೆ ನಾನು ಬೇಡವೆನ್ನುವುದಿಲ್ಲ.

.308 ವಿಂಚೆಸ್ಟರ್ 1952ರದು, ನನ್ನ ಮೊದಲ ಶಿಫಾರಸು ಇದೇ. 150 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2820 ಅಡಿ ವೇಗ, 2650 ಅಡಿ-ಪೌಂಡ್ ಶಕ್ತಿಯೊಂದಿಗೆ ಹೊರಟು, ಇನ್ನೂರು ಗಜದಲ್ಲಿಯೂ ಸುಮಾರು 1700 ಅಡಿ-ಪೌಂಡ್ ಉಳಿಸಿಕೊಂಡಿರುತ್ತದೆ. ಜಿಂಕೆಗೆ 1000 ಅಡಿ-ಪೌಂಡ್ ಸಾಕೆಂಬುದು ಬೇಟೆಗಾರರ ಹಳೆಯ ಲೆಕ್ಕ. ಇದಕ್ಕಿಂತ ಮುಖ್ಯವಾಗಿ, ಎಷ್ಟು ಸಣ್ಣ ಊರಿನ ಅಂಗಡಿಯಲ್ಲಿ ಕೇಳಿದರೂ ಇದರ ಪೆಟ್ಟಿಗೆ ಸಿಗುತ್ತದೆ, ನಾಲ್ಕಾರು ಬಗೆಯ ಗುಂಡಿನಲ್ಲಿ ಸಿಗುತ್ತದೆ.

.270 ವಿಂಚೆಸ್ಟರ್ 1925ರಷ್ಟು ಹಳೆಯದು, .30-06 ಸ್ಪ್ರಿಂಗ್‌ಫೀಲ್ಡ್ ಇನ್ನೂ ಹಳೆಯದು. ಥರ್ಟಿ ಆಟ್ ಸಿಕ್ಸ್ ಎಂದು ಓದುವ ಆ ಹೆಸರಿನ ಕೊನೆಯ 06 ಅದು ಹುಟ್ಟಿದ 1906ನೆಯ ಇಸವಿ. ಕಡವೆ, ಎಲ್ಕ್‌ಗಳ ಕಡೆಗೂ ಮನಸ್ಸಿದ್ದರೆ 180 ಗ್ರೇನಿನ ಗುಂಡು ಹಾಕಿದ .30-06 ಸರಿಯಾದ ಆಯ್ಕೆ. .30-30 ಎಂಬ 1895ರ ತೋಟಾ ಮರಗಳ ನಡುವಿನ ನೂರೈವತ್ತು ಗಜದೊಳಗೆ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಕೂರುವ ಲಿವರ್ ರೈಫಲ್ಲಿಗೆ ಚೂಪು ಲೋಹದ ಮೂತಿಯ ಗುಂಡನ್ನು ಎಂದೂ ಹಾಕಬೇಡಿ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ಒತ್ತಿಕೊಂಡು ಕೂರುವುದರಿಂದ, ಒದೆತಕ್ಕೆ ಕೊಳವೆಯೊಳಗೇ ಸಿಡಿಯಬಹುದು. ಮೂತಿ ಚಪ್ಪಟೆಯಾಗಿರುವ ಗುಂಡನ್ನೋ, ಅಂಥ ರೈಫಲ್ಲಿಗೆಂದೇ ಮೆದು ರಬ್ಬರಿನಂಥ ತುದಿ ಕೊಟ್ಟು ಮಾಡಿದ ಗುಂಡನ್ನೋ ಕೇಳಿ ಕೊಳ್ಳಬೇಕು.

4. ಗುಂಡಿನ ಆಯ್ಕೆ

ತೋಟಾಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಇಲ್ಲಿ. ನಮ್ಮವರು ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರದ ಅಳತೆಯನ್ನು ಓದಿ, ಕೆಳಗೆ ಸಣ್ಣಕ್ಷರದಲ್ಲಿರುವ ಗುಂಡಿನ ಜಾತಿಯನ್ನು ಓದದೆ ಹಣ ಕೊಟ್ಟು ಬರುತ್ತಾರೆ. ಪ್ರಾಣಿಯನ್ನು ಮುಟ್ಟುವುದು ಗುಂಡು ಮಾತ್ರ. ಉಳಿದೆಲ್ಲ ಕೋವಿಯ ಹತ್ತಿರವೇ ಉಳಿಯುತ್ತದೆ.

ಜಿಂಕೆಯ ಗುಂಡು ಎರಡು ಕೆಲಸ ಮಾಡಬೇಕು: ಚರ್ಮ ದಾಟಿದ ಕೂಡಲೇ ಅರಳಬೇಕು, ಅರಳಿದ ಮೇಲೂ ಚೂರಾಗದೆ ಒಳಕ್ಕೆ ಹೋಗಿ ಶ್ವಾಸಕೋಶವನ್ನು ಹಾಯಬೇಕು. ಮೊದಲ ಮಳೆಗೆ ಎದ್ದ ಮೊಗ್ಗು ಅಣಬೆ ಮಾರನೆಯ ದಿನ ಕೊಡೆಯಾಗಿ ಬಿಚ್ಚಿಕೊಳ್ಳುವುದನ್ನು ತೋಟದಲ್ಲಿ ನೋಡಿದ್ದೀರಲ್ಲ, ಒಳ್ಳೆಯ ಗುಂಡು ಮಾಂಸದೊಳಗೆ ಕ್ಷಣಾರ್ಧದಲ್ಲಿ ಹಾಗೆ ಆಗುತ್ತದೆ. ಆಚೆ ಬದಿಯ ಚರ್ಮದಡಿ ಸಿಕ್ಕಿಬಿದ್ದ ಅಂಥದೊಂದು ಗುಂಡನ್ನು ನಾನು ತೊಳೆದು ಇಟ್ಟುಕೊಂಡಿದ್ದೆ. ಮುಂದಿನ ಅರ್ಧ ಹೂವಿನ ಎಸಳಿನಂತೆ ಹಿಂದಕ್ಕೆ ಮಡಚಿಕೊಂಡಿತ್ತು, ಹಿಂದಿನ ಅರ್ಧದಲ್ಲಿ ನಳಿಗೆಯ ಸುರುಳಿ ಗೆರೆಗಳು ಹಾಗೇ ಉಳಿದಿದ್ದವು.

ಫುಲ್ ಮೆಟಲ್ ಜಾಕೆಟ್: ಸೀಸದ ಮೇಲೆ ಮೂತಿಯವರೆಗೂ ಗಟ್ಟಿ ಲೋಹದ ಕವಚ ಹೊದಿಸಿದ್ದು. ಅಗ್ಗವೆಂಬ ಕಾರಣಕ್ಕೆ ಇದನ್ನೇ ಬೇಟೆಗೂ ಒಯ್ಯುವವರಿದ್ದಾರೆ. ಇದು ಅರಳುವುದಿಲ್ಲ, ಸಣ್ಣ ತೂತು ಮಾಡಿಕೊಂಡು ಆಚೆ ಹೋಗುತ್ತದೆ, ಪ್ರಾಣಿ ಓಡಿಹೋಗಿ ನರಳುತ್ತದೆ. ಬಹಳ ಕಡೆ ಕಾನೂನೂ ಒಪ್ಪುವುದಿಲ್ಲ. ಗುರಿ ಹಲಗೆಗೆ ಹೊಡೆಯಲು ಮಾತ್ರ ಇಟ್ಟುಕೊಳ್ಳಿ.

ಸಾಫ್ಟ್ ಪಾಯಿಂಟ್: ಮೂತಿಯಲ್ಲಿ ಸೀಸ ಹೊರಗೆ ಕಾಣುವ, ಹಳೆಯ ನಂಬಿಕಸ್ತ ಬಗೆ. ಬೆಲೆ ಕಡಿಮೆ, ಸಾಧಾರಣ ವೇಗದ .308, .30-30ಗಳಲ್ಲಿ ಜಿಂಕೆಗೆ ಇದಕ್ಕಿಂತ ದುಬಾರಿಯದು ಬೇಕಾಗಿಯೇ ಇಲ್ಲ.

ಪ್ಲಾಸ್ಟಿಕ್ ತುದಿಯ ಗುಂಡು: ಚೂಪು ಬಣ್ಣದ ತುದಿ ಗಾಳಿಯನ್ನು ಸೀಳುವುದಕ್ಕೂ, ಬಡಿದಾಗ ಹಿಂದಕ್ಕೆ ನುಗ್ಗಿ ಗುಂಡನ್ನು ಅರಳಿಸುವುದಕ್ಕೂ ಇರುವುದು. ಈ ತುದಿಯಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕೆಲವು ತೆಳು ಕವಚದವು, ಬೇಗ ಒಡೆಯುತ್ತವೆ. ಐವತ್ತು ಗಜದಲ್ಲಿ ವೇಗದ ತೋಟಾದಿಂದ ಹೆಗಲಿಗೆ ಹೊಡೆದರೆ ಒಂದಿಡೀ ತೊಡೆಯಷ್ಟು ಮಾಂಸ ರಕ್ತ ಹೆಪ್ಪುಗಟ್ಟಿ ಹಾಳಾಗುತ್ತದೆ.

ಬಾಂಡೆಡ್ ಮತ್ತು ಪಾರ್ಟಿಷನ್: ಮೊದಲನೆಯದರಲ್ಲಿ ಸೀಸವನ್ನು ಕವಚಕ್ಕೆ ಬೆಸೆದಿರುತ್ತಾರೆ, ಎರಡನೆಯದರಲ್ಲಿ ಗುಂಡಿನ ನಡುವೆ ಲೋಹದ ಅಡ್ಡಗೋಡೆ ಇರುತ್ತದೆ, ಮುಂದಿನ ಭಾಗ ಅರಳಿ ಸವೆದರೂ ಹಿಂದಿನದು ಗಟ್ಟಿಯಾಗಿ ಉಳಿದು ಮುಂದೆ ಸಾಗುತ್ತದೆ. ಈ ಅಡ್ಡಗೋಡೆಯ ಗುಂಡನ್ನು ಜಾನ್ ನಾಸ್ಲರ್ ರೂಪಿಸಿದ್ದು, ಜಿಂಕೆಯ ಕುಲದಲ್ಲೇ ಅತಿ ದೊಡ್ಡದಾದ ಮೂಸ್ ಒಂದರ ಮೇಲೆ ತನ್ನ ಗುಂಡುಗಳು ಕೈಕೊಟ್ಟ ಮೇಲೆ. ಕಡವೆ, ಎಲ್ಕ್‌ಗೆ ನಾನು ಇವನ್ನೇ ಹೇಳುತ್ತೇನೆ.

ಪೂರ್ತಿ ತಾಮ್ರದ ಗುಂಡು: ಸೀಸವೇ ಇಲ್ಲ. ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಂಡು ಆಳಕ್ಕೆ ಹೋಗುತ್ತದೆ. ಇದಕ್ಕೆ ಎರಡು ಷರತ್ತು. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಸಾಮಾನ್ಯವಾಗಿ ಒಂದು ಮೆಟ್ಟಿಲು ಕಡಿಮೆ ತೂಕದ್ದನ್ನು ಆರಿಸಬೇಕು,.308ರಲ್ಲಿ 165ರ ಬದಲು 150 ಅಥವಾ 130. ಎರಡನೆಯದು, ವೇಗ ತಗ್ಗಿದರೆ ತಾಮ್ರ ಅರಳುವುದಿಲ್ಲ. ಹೆಚ್ಚಿನವಕ್ಕೆ ಬಡಿಯುವಾಗ ಸೆಕೆಂಡಿಗೆ 1800ರಿಂದ 2000 ಅಡಿ ವೇಗ ಬೇಕು. ತಯಾರಕರು ಆ ಅಂಕಿಯನ್ನು ಕೊಟ್ಟಿರುತ್ತಾರೆ, ನೋಡಿಕೊಳ್ಳಿ.

ಕಾನೂನು ಕೇಳದ ಕಡೆಯೂ ತಾಮ್ರವನ್ನು ನಾನು ಇಷ್ಟಪಡಲು ಕಾರಣವಿದೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದ ಸುತ್ತ ಅಂಗೈಯಗಲಕ್ಕೂ ಮೀರಿ ಹರಡುತ್ತವೆ, ತೊಳೆದರೂ ಹೋಗುವುದಿಲ್ಲ. ಬೇಟೆಯ ಮಾಂಸವನ್ನು ಪುಟ್ಟ ಮಕ್ಕಳಿಗೆ, ಬಸುರಿಯರಿಗೆ ಬಡಿಸುವ ಮನೆಯಾದರೆ ತಾಮ್ರವನ್ನೇ ಕೊಳ್ಳಿ. ಸೀಸದ್ದನ್ನೇ ಬಳಸಿದರೆ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕೊಯ್ದು ಹಾಕಿ, ಕೈ ಬಿಗಿಹಿಡಿಯಬೇಡಿ.

5. ಕೋವಿಯ ಮೇಲಿನ ಗುರುತು, ತೋಟಾದ ಬುಡದ ಗುರುತು

ತೋಟಾವನ್ನು ಅಂಗೈಯಲ್ಲಿ ಬುಡ ಮೇಲಾಗಿ ಹಿಡಿದರೆ ನಡುವೆ ಕೇಪು, ಅದರ ಸುತ್ತ ಕೆತ್ತಿದ ಅಕ್ಷರಗಳು ಕಾಣುತ್ತವೆ. ಆ ಹೆಸರೂ ನಳಿಗೆಯ ಮೇಲೆ ಕೆತ್ತಿರುವ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಒಳಗೆ ಹೋಗಿ ಕೂತಿತೆಂದ ಮಾತ್ರಕ್ಕೆ ಸರಿಯಾದ ತೋಟಾ ಎಂದಲ್ಲ. .300 ಬ್ಲ್ಯಾಕ್‌ಔಟ್‌ನ ತೋಟಾ .223 ರೈಫಲ್ಲಿನೊಳಗೆ ಕೂತು, ಹಾರಿಸಿದಾಗ ಕೋವಿಯನ್ನೇ ಸಿಡಿಸಬಲ್ಲದು. ಸೈನ್ಯದ 5.56 ತೋಟಾ .223 ಎಂದು ಮಾತ್ರ ಕೆತ್ತಿರುವ ಕೋವಿಗೆ ಬೇಡ. ಊರಿನ ಹನ್ನೆರಡು ಬೋರಿನ ಕೋವಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ: ಅದಕ್ಕಿಂತ ಸಣ್ಣದಾದ ಇಪ್ಪತ್ತು ಬೋರಿನ ತೋಟಾ ಅದರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಖಾಲಿಯೆಂದು ತಿಳಿದು ಅದರ ಹಿಂದೆ ಹನ್ನೆರಡರದ್ದನ್ನು ಹಾಕಿ ಹಾರಿಸಿದರೆ ನಳಿಗೆ ಒಡೆಯುತ್ತದೆ. ಬೇರೆ ಬೇರೆ ಅಳತೆಯ ತೋಟಾಗಳನ್ನು ಒಂದೇ ಜೇಬಿನಲ್ಲಿ, ಒಂದೇ ಚೀಲದಲ್ಲಿ ಇಡಬೇಡಿ.

6. ಗುರಿ ಕಟ್ಟುವುದು

ಒಂದೇ ತೂಕದ, ಬೇರೆ ಬೇರೆ ತಯಾರಕರ ಮೂರು ಪೆಟ್ಟಿಗೆ ಕೊಂಡು, ಶೂಟಿಂಗ್ ರೇಂಜಿನಲ್ಲಿ ನೂರು ಗಜದಿಂದ ಮೂರು ಮೂರು ಈಡು ಹೊಡೆದು ನೋಡಿ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಈಡನ್ನೂ ಹೊಡೆಯಬೇಡಿ. ಒಂದೇ ರೈಫಲ್ ಒಂದು ಪೆಟ್ಟಿಗೆಯ ಗುಂಡುಗಳನ್ನು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸಿ, ಇನ್ನೊಂದರದ್ದನ್ನು ಅಂಗೈಯಗಲ ಹರಡಬಹುದು. ಇದಕ್ಕೆ ಪ್ರಯೋಗವೊಂದೇ ದಾರಿ. ಚೆನ್ನಾಗಿ ಕೂತದ್ದನ್ನೇ ಒಂದೇ ಲಾಟ್ ಸಂಖ್ಯೆಯಲ್ಲಿ ಐದಾರು ಪೆಟ್ಟಿಗೆ ಕೊಂಡಿಟ್ಟು, ಅದು ಬೀಳುವ ಜಾಗಕ್ಕೇ ರೈಫಲ್ಲಿನ ಮೇಲಿನ ದುರ್ಬೀನನ್ನು ಹೊಂದಿಸಿ (ಗುರಿ ಕಟ್ಟುವುದೆಂದರೆ ಇದೇ), ಆ ವರ್ಷದ ಬೇಟೆಯ ಕಾಲ ಮುಗಿಯುವವರೆಗೆ ಬದಲಿಸಬೇಡಿ. ಅಭ್ಯಾಸದ ಅಗ್ಗದ ಗುಂಡಿಗೆ ಗುರಿ ಕಟ್ಟಿ, ಬೇಟೆಯ ದಿನ ಬೆಲೆಬಾಳುವ ಗುಂಡು ಹಾಕಿಕೊಂಡು ಹೊರಡುವುದು ದೊಡ್ಡ ತಪ್ಪು. ಎರಡೂ ಬೀಳುವ ಜಾಗ ಬೇರೆ.

ನೂರು ಗಜಕ್ಕೆ ಗುರಿ ಕಟ್ಟಿದ .308ರ 150 ಗ್ರೇನಿನ ಗುಂಡು ಇನ್ನೂರರಲ್ಲಿ ಸುಮಾರು ನಾಲ್ಕು ಇಂಚು, ಮುನ್ನೂರರಲ್ಲಿ ಒಂದಡಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗ ಅಂದಾಜು ಎಂಟು ಇಂಚು ಅಗಲ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹೊಸಬರಿಗೆ ಇನ್ನೂರು ಗಜವೇ ಗಡಿ ಎಂದು ನಾನು ಹೇಳಿದ್ದೇಕೆಂದು ತಿಳಿಯುತ್ತದೆ.

ಒದೆತಕ್ಕೆ ನೀವು ಹೆದರುತ್ತಿದ್ದೀರಾ ಎಂದು ಪರೀಕ್ಷಿಸಲು ಸುಲಭದ ಉಪಾಯವಿದೆ. ಮದ್ದು, ಕೇಪುಗಳಿಲ್ಲದ ಅಭ್ಯಾಸದ ತೋಟಾ ಕೊಂಡು, ನಿಜವಾದವುಗಳ ನಡುವೆ ಅದನ್ನು ನಿಮಗೆ ತಿಳಿಯದಂತೆ ಸೇರಿಸಿ ಕೋವಿಗೆ ತುಂಬಲು ಜೊತೆಗಾರನಿಗೆ ಹೇಳಿ. ಅದರ ಸರದಿ ಬಂದಾಗ ಕ್ಲಿಕ್ ಎಂಬ ಸದ್ದಷ್ಟೇ ಬರುತ್ತದೆ. ಆ ಕ್ಷಣ ನಳಿಗೆಯ ತುದಿ ಕೆಳಕ್ಕೆ ಬಾಗಿದರೆ ನೀವು ಒದೆತಕ್ಕೆ ಮುಂಚೆಯೇ ಬೆಚ್ಚುತ್ತಿದ್ದೀರಿ ಎಂದರ್ಥ. ಹಾಗಿದ್ದರೆ ಮೂರನೆಯ ಹಂತಕ್ಕೆ ಮರಳಿ, ಇನ್ನೂ ಮೃದುವಾದ ತೋಟಾ ಆರಿಸಿ.

7. ಊರಿಗೆ ಹೊರಡುವ ಮುನ್ನ

ಬೇಟೆಗೆ ತೊಟ್ಟ ಜಾಕೆಟ್ಟನ್ನೋ ಬೆನ್ನಿನ ಚೀಲವನ್ನೋ ಊರಿನ ಪ್ರಯಾಣಕ್ಕೆ ಬಳಸಲೇಬೇಡಿ. ಜೇಬಿನ ಒಳಪದರದಲ್ಲಿ ಮರೆತುಹೋದ ಒಂದೇ ಒಂದು ತೋಟಾ ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗಬಹುದು; ಮರೆತದ್ದೆಂದು ಸಾಬೀತುಪಡಿಸುವಷ್ಟರಲ್ಲಿ ರಜೆಯೆಲ್ಲ ಠಾಣೆ, ವಕೀಲರೆಂದು ಕಳೆದುಹೋಗುತ್ತದೆ. ನೆನಪಿಗೆಂದು ಇಟ್ಟುಕೊಂಡ ಖಾಲಿ ಹಿತ್ತಾಳೆ ಕೊಳವೆಯನ್ನೂ, ಕೊಂಬು, ಚರ್ಮಗಳನ್ನೂ ಅಲ್ಲಿಯೇ ಬಿಟ್ಟು ಬನ್ನಿ. ಹೊರಡುವ ಹಿಂದಿನ ರಾತ್ರಿ ಪ್ರತಿ ಚೀಲವನ್ನೂ ತಲೆಕೆಳಗು ಮಾಡಿ ಹಾಸಿಗೆಯ ಮೇಲೆ ಕೊಡವಿ, ಜೇಬುಗಳೊಳಗೆ ಬೆರಳಾಡಿಸಿ, ಹೊಲಿಗೆ ಬಿಟ್ಟ ಮೂಲೆಗಳನ್ನೂ ಮುಟ್ಟಿ ನೋಡಿದ ಮೇಲೆಯೇ ಬಟ್ಟೆ ತುಂಬಿ.